ಪಟ್ಟಿ ಶಿವಮೊಗ್ಗದಲ್ಲಿ, ಪ್ಯಾಕೇಜು ಊರೂರಲ್ಲಿ

ಅಡಿಕೆ ವಹಿವಾಟಿನ ಒಂದು ಸಹಕಾರ ಸಂಸ್ಥೆಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಕೆಲಸ ನನ್ನದು. ಸರ್ವರ್ ಇರುವುದು ಶಿವಮೊಗ್ಗದಲ್ಲಿ. ಶಾಖೆಗಳು ತೀರ್ಥಹಳ್ಳಿ, ಸಾಗರ, ಹೊಸನಗರ, ರಿಪ್ಪನ್‌ಪೇಟೆ ಕಡೆ. ಎಲ್ಲ ಕಡೆಯೂ ಡೆಬಿಯನ್ 12 ಎಂಬ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್. ಕಚೇರಿ ಕೆಲಸಕ್ಕೆ ಲಿಬ್ರೆಆಫೀಸ್, ಕನ್ನಡ ಟೈಪಿಂಗ್‌ಗೆ ಐಬಸ್, ಲೋಹಿತ್ ಫಾಂಟು; ರಾಶಿ, ಬೆಟ್ಟೆ, ಸರಕು, ಗೊರಬಲು ಎಂಬ ಅಡಿಕೆ ಬಗೆಗಳ ತೂಕದ ಚೀಟಿ ಹೊಡೆಯುವ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿಗೆ ಕಪ್ಸ್. ಇಷ್ಟು ಪ್ಯಾಕೇಜುಗಳು (ಡೆಬಿಯನ್‌ನಲ್ಲಿ ತಂತ್ರಾಂಶ ಬರುವ ಕಟ್ಟುಗಳು) ಎಲ್ಲ ಯಂತ್ರಗಳಲ್ಲೂ ಒಂದೇ ಸಮ ಇರಬೇಕು.

ಇದಕ್ಕೆ ಹಲವು ಯಂತ್ರಗಳನ್ನು ಒಂದೇ ಪಟ್ಟಿಯಂತೆ ಸಜ್ಜುಗೊಳಿಸುವ ಆನ್ಸಿಬಲ್ ಸಾಕು. ಆ ಕಡೆ ದೂರದಿಂದ ಒಳಹೊಕ್ಕಲು ಎಸ್‌ಎಸ್‌ಎಚ್, ಜೊತೆಗೆ ಪೈಥಾನ್ ಇದ್ದರೆ ಆಯಿತು, ಸದಾ ಓಡುತ್ತಿರುವ ಬೇರೆ ಏಜೆಂಟ್ ತಂತ್ರಾಂಶ ಬೇಡ. ಆದರೆ ಅದರ ಮಾಮೂಲಿ ಕ್ರಮದಲ್ಲಿ ಸರ್ವರ್ ತಾನೇ ಹೋಗಿ ಪ್ರತಿ ಯಂತ್ರದ ಬಾಗಿಲು ತಟ್ಟಬೇಕು. ಮಳೆಗಾಲದ ಮಲೆನಾಡಲ್ಲಿ ಅದು ನಡೆಯುವ ಮಾತಲ್ಲ. ಕರೆಂಟ್ ಇದ್ದರೆ ಲೈನ್ ಇರಲ್ಲ. ಎರಡೂ ಇದ್ದ ದಿನ ಕಂಪ್ಯೂಟರ್ ಆನ್ ಮಾಡಬೇಕಾದವರು ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸಲು ತೋಟಕ್ಕೆ ಹೋಗಿರುತ್ತಾರೆ. ಪರದೆ ತುಂಬ ಕೆಂಪು ಅಕ್ಷರ.

ಅದಕ್ಕೇ ನಾನು ಹಿಡಿದದ್ದು ಆನ್ಸಿಬಲ್-ಪುಲ್. ಪ್ಯಾಕೇಜುಗಳ ಪಟ್ಟಿ ಶಿವಮೊಗ್ಗದ ಗಿಟ್ ರೆಪೊದಲ್ಲಿ (ಪ್ರತಿ ಬದಲಾವಣೆಯ ದಾಖಲೆ ಉಳಿಸುವ ಕಡತ ಭಂಡಾರ) ಇರುತ್ತದೆ. ಯಂತ್ರಗಳೇ ಬಂದು ಅದನ್ನು ಎಳೆದುಕೊಂಡು, ತಮ್ಮಲ್ಲೇ ಓಡಿಸಿಕೊಳ್ಳುತ್ತವೆ. ದಿನಕ್ಕೊಮ್ಮೆ ಇದನ್ನು ಚಾಲೂ ಮಾಡಲು ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಹಳೆಯ ಕ್ರಾನ್ ಬದಲು ಸಿಸ್ಟಮ್‌ಡಿ ಟೈಮರ್ ಹಾಕಿದ್ದೇನೆ. ಕಾರಣ ಅದರಲ್ಲಿರುವ ‘ಪರ್ಸಿಸ್ಟೆಂಟ್’ ಎಂಬ ಒಂದು ಸಾಲು: ಹೊತ್ತಿಗೆ ಸರಿಯಾಗಿ ಯಂತ್ರ ಆಫ್ ಆಗಿದ್ದರೆ, ಮುಂದೆ ಆನ್ ಆದ ಕೂಡಲೇ ತಪ್ಪಿದ ಸರದಿ ಓಡುತ್ತದೆ. ಮೂರು ದಿನ ಕರೆಂಟ್ ಹೋದರೂ ನಾನು ಫೋನ್ ಮಾಡುವ ಪ್ರಮೇಯವಿಲ್ಲ. ಎಲ್ಲವೂ ಒಮ್ಮೆಗೇ ಮುಗಿಬೀಳದಂತೆ ಟೈಮರಿನಲ್ಲೇ ಒಂದಿಷ್ಟು ಯಾದೃಚ್ಛಿಕ ವಿಳಂಬವನ್ನೂ ಕೊಟ್ಟಿದ್ದೇನೆ.

ಪ್ಯಾಕೇಜ್ ಫೈಲುಗಳ ಕಥೆ ಬೇರೆ. ಅವನ್ನೂ ಶಿವಮೊಗ್ಗದಲ್ಲೇ ಕೂಡಿಟ್ಟರೆ ಶಾಖೆಗೆ ಏನೂ ಲಾಭವಿಲ್ಲ. ಸಣ್ಣ ಲೈನ್ ಇರುವುದು ಆ ತುದಿಯಲ್ಲಿ. ಹಾಗಾಗಿ ಪ್ರತಿ ಶಾಖೆಯಲ್ಲಿ ಒಂದು ಯಂತ್ರಕ್ಕೆ ಒಮ್ಮೆ ಇಳಿದ ಪ್ಯಾಕೇಜನ್ನು ಕೂಡಿಟ್ಟು (ಇದೇ ಕ್ಯಾಷ್) ಹಂಚುವ ಆಪ್ಟ್-ಕ್ಯಾಷರ್-ಎನ್‌ಜಿ ಹಾಕಿದೆ. ಅದು ಉತ್ತರ ಕೊಡುವ ಪೋರ್ಟ್ (ನೆಟ್‌ವರ್ಕಿನ ಬಾಗಿಲು) 3142. ಲಿಬ್ರೆಆಫೀಸ್ ಒಂದು ಸಲ ಇಳಿದರೆ ಉಳಿದ ಯಂತ್ರಗಳಿಗೆ ಒಳಗಿನ ನೆಟ್‌ವರ್ಕಿನಿಂದಲೇ ಸಿಗುತ್ತದೆ. ಗೂಢಲಿಪಿಯ ಎಚ್‌ಟಿಟಿಪಿಎಸ್ ಆದರೆ ಇದು ಹಾಗೇ ಕೂಡಿಟ್ಟುಕೊಳ್ಳುವುದಿಲ್ಲ, ಆದ್ದರಿಂದ ಪ್ಯಾಕೇಜು ಇಳಿಸುವ ಮಿರರ್ ತಾಣದ ವಿಳಾಸ ಬರೀ ಎಚ್‌ಟಿಟಿಪಿ. ಹೆದರಬೇಕಿಲ್ಲ, ಡೆಬಿಯನ್ ಸಹಿಯನ್ನು, ಪ್ಯಾಕೇಜು ಇಳಿಸಿ ಹಾಕುವ ಆಪ್ಟ್ ತಾನೇ ತಾಳೆ ನೋಡುತ್ತದೆ. ಕ್ಯಾಷ್ ಇರುವ ಯಂತ್ರವೇ ಆಫ್ ಆಗಿದ್ದರೆ? ಯಾವ ದಾರಿಯಲ್ಲಿ ಇಳಿಸಬೇಕೆಂದು ಕೇಳುವ ಆಪ್ಟ್‌ನ ಪ್ರಾಕ್ಸಿ-ಆಟೊ-ಡಿಟೆಕ್ಟ್‌ಗೆ ಸಣ್ಣ ಸ್ಕ್ರಿಪ್ಟ್ ಕೊಟ್ಟಿದ್ದೇನೆ. 3142 ಉತ್ತರ ಕೊಡದಿದ್ದರೆ ‘ಡೈರೆಕ್ಟ್’ ಎನ್ನುತ್ತದೆ, ಯಂತ್ರ ನೇರ ಇಂಟರ್ನೆಟ್ಟಿಗೆ ಹೋಗುತ್ತದೆ.

ಇನ್‌ಸ್ಟಾಲ್ ನಡುವೆ ಕರೆಂಟ್ ಹೋಗುವುದು ನಮ್ಮಲ್ಲಿ ನಿತ್ಯದ ಸಂಗತಿ. ಹಾಗಾಗಿ ಪ್ಲೇಬುಕ್ಕಿನ (ಆನ್ಸಿಬಲ್ ಓದುವ ಕೆಲಸದ ಪಟ್ಟಿ) ಮೊದಲ ಕೆಲಸವೇ ಪ್ಯಾಕೇಜು ಕೂರಿಸುವ ಡಿಪಿಕೆಜಿಯ ‘ಕಾನ್ಫಿಗರ್’ ಆಜ್ಞೆ. ಬಿಚ್ಚಿದ ಮೇಲೆ ಹೊಂದಿಸುವುದು ಬಾಕಿ ಉಳಿದು ಅರ್ಧಕ್ಕೆ ನಿಂತ ಪ್ಯಾಕೇಜುಗಳನ್ನು ಮುಗಿಸಿಯೇ ಅದು ಮುಂದೆ ಹೋಗುತ್ತದೆ. ಇದು ಬಂದ ಮೇಲೆ “ಸಾರ್, ಏನೋ ಓಡ್ತಾ ಇದೆ, ಬಂದ್ ಮಾಡ್ಲಾ?” ಎಂದು ಶಾಖೆಯವರು ಕೇಳಿದರೆ “ಹತ್ತು ನಿಮಿಷ ತಡ್ಕೊಳ್ಳಿ ಮಾರಾಯ್ರೆ” ಎನ್ನುತ್ತೇನಷ್ಟೆ, ಎದೆ ಹೊಡೆದುಕೊಳ್ಳುವುದಿಲ್ಲ.

ಒಂದು ವಿಷಯದಲ್ಲಿ ಮಾತ್ರ ಸಡಿಲ ಬಿಡಬಾರದು. ಆ ರೆಪೊಗೆ ಬರೆಯಬಲ್ಲವನು ಎಲ್ಲ ಯಂತ್ರಗಳಿಗೂ ರೂಟ್ (ಏನು ಬೇಕಾದರೂ ಮಾಡಬಲ್ಲ ಬಳಕೆದಾರ) ಇದ್ದ ಹಾಗೆ. ಕಮಿಟ್‌ಗೆ (ರೆಪೊದಲ್ಲಿ ಉಳಿಸಿದ ಬದಲಾವಣೆ) ಜಿಪಿಜಿ ಎಂಬ ಡಿಜಿಟಲ್ ಸಹಿ ಇಲ್ಲದಿದ್ದರೆ ಆನ್ಸಿಬಲ್-ಪುಲ್ ನಿರಾಕರಿಸಬೇಕು. ಅದಕ್ಕೆ ‘ವೆರಿಫೈ-ಕಮಿಟ್’ ಆಯ್ಕೆ ಇದೆ.

ಓಟ ಮುಗಿದ ಮೇಲೆ ಪ್ರತಿ ಯಂತ್ರ ಸರ್ವರಿಗೆ ಒಂದೇ ಸಾಲು ಕಳಿಸುತ್ತದೆ: ಹೆಸರು, ಹೊತ್ತು, ಬಾಕಿ ಅಪ್‌ಡೇಟ್ ಎಷ್ಟು, ರೀಬೂಟ್ ಬೇಕೋ ಬೇಡವೋ. ವಾರವಾದರೂ ಸಾಲು ಬಾರದ ಯಂತ್ರದ ಕಡೆಗಷ್ಟೇ ನನ್ನ ಗಮನ. ದೊಡ್ಡ ಡ್ಯಾಶ್‌ಬೋರ್ಡ್ ಕಟ್ಟಲು ಹೋಗಲಿಲ್ಲ, ನೋಡುವವನು ನಾನೊಬ್ಬನೇ.

2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ಕ್ಕೆ ಏರುವುದನ್ನು ಈ ಪಟ್ಟಿಗೆ ಒಪ್ಪಿಸಿಲ್ಲ. 12ಕ್ಕೆ ಎಲ್‌ಟಿಎಸ್ (ದೀರ್ಘಾವಧಿ ಬೆಂಬಲ) 2028ರ ಜೂನ್‌ವರೆಗೆ ಇದೆ, ಅವಸರವಿಲ್ಲ. ಕೊಯ್ಲು ಮುಗಿದು ಮಂಡಿ ಗಲಾಟೆ ಇಳಿದ ಮೇಲೆ ಶಾಖೆ ಶಾಖೆಗೆ ಹೋಗಿ, ಬ್ಯಾಕಪ್ ತೆಗೆದು, ಎದುರು ಕೂತೇ ಮಾಡುವುದು.