ಸಂಘದ ಕೆಲಸಕ್ಕೆ ತಕ್ಕ ಆ್ಯಪ್ ಆಯ್ದುಕೊಳ್ಳುವುದು ಹೇಗೆ?

ಕಲಬುರಗಿಯಲ್ಲಿ ಖಡಕ್ ರೊಟ್ಟಿ ಮಾಡಿ ಮಾರುವ ಮಹಿಳೆಯರ ಸ್ವಸಹಾಯ ಸಂಘವೊಂದರ ಲೆಕ್ಕಪತ್ರಕ್ಕೆ ನಾನು ನೆರವಾಗುತ್ತಿದ್ದೇನೆ. ಹನ್ನೆರಡು ಮಂದಿಯ ಆ ಸಂಘದ ವ್ಯವಹಾರವೆಲ್ಲ ಒಂದೇ ವಾಟ್ಸ್‌ಆ್ಯಪ್ ಗುಂಪಿನಲ್ಲಿ ನಡೆಯುತ್ತಿತ್ತು. ಲಗ್ನಸರಾಯಿಯ ದಿನಗಳಲ್ಲಿ ಒಮ್ಮೆ, ‘ಅಕ್ಕಾ, ಮುನ್ನೂರು ರೊಟ್ಟಿ ನಾಳಿಗಿ ಅಲ್ಲ, ಇವತ್ತ ಸಂಜಿಗೇ ಬೇಕು’ ಎಂದು ಬಂದ ಸಂದೇಶವು ಹುಟ್ಟುಹಬ್ಬದ ಶುಭಾಶಯಗಳ ಸಾಲಿನಲ್ಲಿ ಮುಚ್ಚಿಹೋಗಿ, ಗಿರಾಕಿಯ ಗಾಡಿ ಬಾಗಿಲಿಗೆ ಬಂದು ನಿಂತಾಗಲೇ ಎಲ್ಲರ ಗಮನಕ್ಕೆ ಬಂತು. ಹರಟೆಯ ಜಾಗದಲ್ಲಿಯೇ ಲೆಕ್ಕವನ್ನೂ ಇಟ್ಟದ್ದು ಈ ತೊಡಕಿನ ಮೂಲವಾಗಿತ್ತು.

ಆದ್ದರಿಂದ ಆ್ಯಪ್ ಹುಡುಕುವ ಮೊದಲು ಒಂದು ಹಾಳೆ ತೆಗೆದುಕೊಂಡು, ಒಂದು ವಾರದ ಕೆಲಸ ಯಾರಿಂದ ಯಾರಿಗೆ ಹೋಗುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದನ್ನು ಬರೆಯಿರಿ. ಈ ಸಂಘದ ಹಾಳೆಯಲ್ಲಿ ತೊಡಕಿನ ಜಾಗಗಳು ಮೂರೇ ಇದ್ದವು: ಆರ್ಡರುಗಳ ಪಟ್ಟಿ, ಯಾರ ಪಾಳಿ ಯಾವ ದಿನ ಎಂಬ ವಿವರ, ಬರಬೇಕಾದ ಬಾಕಿ. ಸದಸ್ಯೆಯರು ವಾರಕ್ಕೊಮ್ಮೆ ಎದುರುಬದುರು ಕೂತೇ ಸಭೆ ನಡೆಸುವುದರಿಂದ ವಿಡಿಯೊ ಸಭೆಯ ಆ್ಯಪ್ ಬೇಕಾಗಿಯೇ ಇರಲಿಲ್ಲ.

ಎರಡನೆಯ ಹೆಜ್ಜೆ, ಗುಂಪಿನಲ್ಲಿರುವ ಅತಿ ಸಾಧಾರಣ ಫೋನಿನಲ್ಲಿ ಪರೀಕ್ಷೆ ಮಾಡುವುದು. ಜೇವರ್ಗಿ ಕಡೆಯ ಹಳ್ಳಿಗೆ ಹೋದಾಗ ನೆಟ್‌ವರ್ಕ್ ಕಳೆದುಕೊಳ್ಳುವ ಸದಸ್ಯೆಯ ಫೋನಿನಲ್ಲಿ ಡೇಟಾ ಆಫ್ ಮಾಡಿ ಒಂದು ಆರ್ಡರ್ ಬರೆದು ನೋಡಿದೆವು. ಸಾಲು-ಕಾಲಮ್ಮುಗಳಲ್ಲಿ ಲೆಕ್ಕ ಬರೆಯುವ ಆ್ಯಪ್ ಆದ ಗೂಗಲ್ ಶೀಟ್ಸ್‌ನಲ್ಲಿ ಆ ಕಡತವನ್ನು ಮೊದಲೇ ಆಫ್‌ಲೈನ್ ಬಳಕೆಗೆ ಗುರುತು ಮಾಡಿಟ್ಟಿದ್ದರೆ, ಬರೆದದ್ದು ಫೋನಿನಲ್ಲಿಯೇ ಉಳಿದು, ನೆಟ್‌ವರ್ಕ್ ಬಂದ ಮೇಲೆ ಎಲ್ಲರಿಗೂ ಕಾಣಿಸುತ್ತದೆ. ಈ ಪರೀಕ್ಷೆಯಲ್ಲಿ ಸೋತ ಆ್ಯಪನ್ನು, ಅದು ಎಷ್ಟೇ ಚೆಂದವಿರಲಿ, ಬಿಟ್ಟುಬಿಡುವುದೇ ಮೇಲು.

ಉಚಿತ ಖಾತೆಯ ಮಿತಿಗಳನ್ನೂ ಮೊದಲೇ ಓದಿಕೊಳ್ಳಬೇಕು. ಕೆಲಸಗಳನ್ನು ಚೀಟಿಗಳಂತೆ ಜೋಡಿಸುವ ಟ್ರೆಲ್ಲೊ ಪಾಳಿ ಹಂಚಲು ಬಹಳ ಅನುಕೂಲ. ಆದರೆ ಉಚಿತ ಬಳಕೆಗೆ ಒಂದು ತಂಡದಲ್ಲಿ ಹತ್ತೇ ಮಂದಿ ಎಂಬ ಮಿತಿಯಿರುವುದರಿಂದ ಹನ್ನೆರಡು ಮಂದಿಯ ಸಂಘಕ್ಕೆ ಅದು ಹೊಂದಲಿಲ್ಲ. ವಿಡಿಯೊ ಸಭೆ ಬೇಕಿರುವ ಸಂಘಗಳು ಗಮನಿಸಬೇಕಾದದ್ದು, ಜೂಮ್‌ನಲ್ಲಿ ಉಚಿತ ಸಭೆ 40 ನಿಮಿಷಕ್ಕೆ ಮುಗಿಯುತ್ತದೆ. ಗೂಗಲ್ ಮೀಟ್‌ನಲ್ಲಿ ಮೂವರು ಅಥವಾ ಹೆಚ್ಚು ಮಂದಿಯಿದ್ದರೆ 60 ನಿಮಿಷ ಸಿಗುತ್ತದೆ. ಗೂಗಲ್ ಖಾತೆಯ 15 ಜಿಬಿ ಜಾಗವನ್ನು ಜಿಮೇಲ್, ಡ್ರೈವ್ ಮತ್ತು ಫೋಟೊಗಳು ಹಂಚಿಕೊಳ್ಳುತ್ತವೆ. ಕೊನೆಗೆ ಪಟ್ಟಿ, ಪಾಳಿ, ಬಾಕಿ ಮೂರಕ್ಕೂ ಒಂದೇ ಶೀಟು ಸಾಕಾಯಿತು. ಮಾತಿಗೆ ವಾಟ್ಸ್‌ಆ್ಯಪ್ ಹಾಗೆಯೇ ಉಳಿಯಿತು.

ನಮ್ಮ ಭಾಗದ ಸಂಘಗಳು ಮುಗ್ಗರಿಸುವ ಜಾಗ ಕನ್ನಡ ಅಕ್ಷರದ್ದು, ಹಾಗಾಗಿ ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಸಂಘದ ಠರಾವುಗಳನ್ನು ಡಿಟಿಪಿ ಅಂಗಡಿಯಲ್ಲಿ ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿಸಲಾಗಿತ್ತು. ಅದೇ ಕಡತವನ್ನು ಫೋನಿನಲ್ಲಿ ತೆರೆದಾಗ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳೂ ಚಿಹ್ನೆಗಳೂ ಕಾಣಿಸಿದವು. ಆ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿರುತ್ತಾರೆ. ಫಾಂಟ್ ಇಲ್ಲದ ಫೋನು ಒಳಗಿರುವ ಸಂಕೇತವನ್ನೇ ತೋರಿಸುತ್ತದೆ. ಎಲ್ಲ ಭಾಷೆಗಳ ಲಿಪಿಗಳಿಗೂ ಒಂದೇ ಆಗಿರುವ ಯೂನಿಕೋಡ್ ಎಂಬ ಸಂಕೇತ ಪದ್ಧತಿಯಲ್ಲಿ ಕನ್ನಡದ ಅಕ್ಷರಗಳಿಗೆ ಅವುಗಳದೇ ಸಂಕೇತಗಳಿರುವುದರಿಂದ ಈ ಅವಾಂತರವಾಗದು, ಹೆಸರು ಹಾಕಿ ಹುಡುಕಲೂ ಬರುತ್ತದೆ. ‘ಯೂನಿಕೋಡ್‌ನಲ್ಲಿಯೇ ಟೈಪ್ ಮಾಡಿಕೊಡಿ’ ಎಂದು ಅಂಗಡಿಯವರಿಗೆ ಮೊದಲೇ ಹೇಳಿ. ಹಳೆಯ ಕಡತಗಳನ್ನು ಪರಿವರ್ತಕದ ಮೂಲಕ ಬದಲಿಸಿದ ಮೇಲೆ ಅರ್ಕಾವತ್ತು, ಒತ್ತಕ್ಷರಗಳು ಸರಿಯಾಗಿವೆಯೇ ಎಂದು ಒಬ್ಬರು ಪೂರ್ತಿ ಓದಲೇಬೇಕು. ಟೈಪ್ ಮಾಡಲು ಒಲ್ಲದವರಿಗೆ ಗೂಗಲ್‌ನ ಕೀಲಿಮಣೆ ಆ್ಯಪ್ ಆದ ಜಿಬೋರ್ಡ್‌ನಲ್ಲಿ ಕನ್ನಡದಲ್ಲಿ ಮಾತಾಡಿ ಬರೆಸುವ ಸೌಲಭ್ಯವಿದೆ. ಸಂಘದ ಅತ್ಯಂತ ಹಿರಿಯ ಸದಸ್ಯೆ ಶೀಟಿನಲ್ಲಿ ಮೊದಲ ಸಾಲು ತುಂಬಿದ್ದು ಹಾಗೆಯೇ, ‘ಸಜ್ಜಿ ರೊಟ್ಟಿ ಐವತ್ತು’ ಎಂದು ಹೇಳಿ.

ಮುಂದಿನದು ಹಕ್ಕಿನ ವಿಚಾರ. ನೋಡುವವರು, ಟಿಪ್ಪಣಿ ಬರೆಯುವವರು, ತಿದ್ದುವವರು ಎಂದು ಮೂರು ಬಗೆಯ ಅನುಮತಿಗಳಿರುತ್ತವೆ. ಗಿರಾಕಿಗಳ ಫೋನ್ ನಂಬರ್ ಇರುವ ಕಡತವನ್ನು ‘ಲಿಂಕ್ ಇರುವ ಯಾರಾದರೂ’ ನೋಡಬಹುದು ಎಂಬ ಆಯ್ಕೆಯಲ್ಲಿ ಎಂದಿಗೂ ಇಡಬೇಡಿ. ಖಾತೆಯನ್ನು ಸದಸ್ಯೆಯೊಬ್ಬರ ಮಗನ ಹೆಸರಿನಲ್ಲಿ ತೆರೆದರೆ, ಆತ ಕೆಲಸಕ್ಕೆಂದು ಬೆಂಗಳೂರಿಗೆ ಹೋದ ದಿನ ಪಾಸ್‌ವರ್ಡೂ ಜೊತೆಗೆ ಹೋಗುತ್ತದೆ. ಸಂಘದ್ದೇ ಪ್ರತ್ಯೇಕ ಜಿಮೇಲ್ ತೆರೆದು, ಎರಡು ಹಂತದ ಪರಿಶೀಲನೆ (ಪಾಸ್‌ವರ್ಡಿನ ಜೊತೆಗೆ ಇನ್ನೊಂದು ಖಾತರಿಯನ್ನೂ ಕೇಳುವ ವ್ಯವಸ್ಥೆ) ಅಳವಡಿಸಿ, ಅದರ ಕೀಲಿ ಅಧ್ಯಕ್ಷೆ ಮತ್ತು ಕಾರ್ಯದರ್ಶಿ ಇಬ್ಬರ ಬಳಿಯೂ ಇರುವಂತೆ ನೋಡಿಕೊಳ್ಳಿ. ಯಾರಾದರೂ ಸಾಲು ಅಳಿಸಿಬಿಟ್ಟರೆ ಗಾಬರಿ ಬೇಡ. ಕಂಪ್ಯೂಟರಿನಲ್ಲಿ ಶೀಟಿನ ಆವೃತ್ತಿ ಇತಿಹಾಸ ತೆರೆದು ಹಿಂದಿನ ರೂಪವನ್ನು ಮರಳಿ ಪಡೆಯಬಹುದು.

ಮೊದಲ ತಿಂಗಳು ಕಾಗದದ ಪುಸ್ತಕವನ್ನು ಕೈಬಿಡಬೇಡಿ. ಪ್ರತಿ ಶನಿವಾರ ಒಬ್ಬರು ಪುಸ್ತಕ ಓದಲಿ, ಇನ್ನೊಬ್ಬರು ಶೀಟು ನೋಡುತ್ತ ಸಾಲು ಸಾಲಾಗಿ ತಾಳೆ ಹಾಕಲಿ. ಸತತ ನಾಲ್ಕು ಶನಿವಾರ ಎರಡರ ಮೊತ್ತವೂ ಒಂದೇ ಬಂದ ಮೇಲೆ ಪುಸ್ತಕವನ್ನು ಮುಚ್ಚಿಡಬಹುದು.