ಕಾಫಿ ಒಣಗುವ ದಿನ ಗಿಟಾರ್‌ಗೆ ಬಣ್ಣ ಹೊಡೆಯಿರಿ

ಕಣದಲ್ಲಿ ಕಾಫಿ ಹರವಲು ಒಳ್ಳೆಯ ಬಿಸಿಲು ಅಂತ ಮನೆಯ ಹಿರಿಯರು ಹೇಳಿದರೆ, ಅವತ್ತೇ ಗಿಟಾರ್‌ಗೂ ಬಣ್ಣ ಹೊಡೆಯಿರಿ. ಚಿಕ್ಕಮಗಳೂರಿನಲ್ಲಿ ಈ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಲೆಕ್ಕ ಇನ್ನೊಂದಿಲ್ಲ.

ನಾನು ಮೊದಲ ಸಲ ಹೊಡೆದದ್ದು ಜುಲೈನಲ್ಲಿ. ಹೊರಗೆ ಜಡಿಮಳೆ. ಶೆಡ್ಡಿನೊಳಗೆ ನೀರು ಬೀಳುವುದಿಲ್ಲವಲ್ಲ, ಸಾಕು ಅಂದುಕೊಂಡೆ. ಹತ್ತೇ ನಿಮಿಷದಲ್ಲಿ ಕಪ್ಪು ಬಣ್ಣದ ಮೇಲಿನ ಲ್ಯಾಕರ್ (ಹೊಳಪಿನ ಮೇಲ್ಪದರ) ಹಾಲು ಚೆಲ್ಲಿದ ಹಾಗೆ ಬೆಳ್ಳಗಾಯಿತು. ಥಿನ್ನರ್ ಬೇಗ ಆರುವಾಗ ಮೇಲ್ಮೈ ತಣ್ಣಗಾಗುತ್ತದೆ. ಗಾಳಿಯಲ್ಲಿರುವ ತೇವ ಅಲ್ಲೇ ನೀರಾಗಿ ಲ್ಯಾಕರ್‌ನೊಳಗೆ ಸಿಕ್ಕಿಕೊಳ್ಳುತ್ತದೆ. ಹಾಗಾಗಿ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ, ಮಂಜು ಕರಗಿದ ಮೇಲೆ, ಬೆಳಿಗ್ಗೆ 11ರಿಂದ ಸಂಜೆ 4ರೊಳಗೆ ಹೊಡೆಯಿರಿ. ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಬರುವ ಹಾಗಿದ್ದರೆ ಆ ದಿನ ಬಿಟ್ಟುಬಿಡಿ. ಬಿಸಿಲಿನ ದಿನವೇ ಆದರೂ ಗಿಟಾರ್ ನೆರಳಲ್ಲಿರಲಿ. ಮರ ಕಾದರೆ ಅದರೊಳಗಿನ ಗಾಳಿ ಹಿಗ್ಗಿ ಬಣ್ಣದಲ್ಲಿ ಗುಳ್ಳೆ ಏಳುತ್ತದೆ. ಕಾಫಿ ಕಣದ ಪಕ್ಕದಲ್ಲೂ ಬೇಡ, ಸಿಪ್ಪೆಯ ಧೂಳು ಬಂದು ಕೂರುತ್ತದೆ.

ಇದೆಲ್ಲ ಎಲೆಕ್ಟ್ರಿಕ್ ಗಿಟಾರ್‌ನ ಮಾತು. ಅಕೌಸ್ಟಿಕ್‌ನ ತೆಳು ಹಲಗೆಯ ಮೇಲೆ ದಪ್ಪ ಬಣ್ಣ ಕೂತರೆ ನಾದ ಕುಗ್ಗುತ್ತದೆ. ಅದರ ತಂಟೆಗೆ ಹೋಗಬೇಡಿ.

ಉಜ್ಜುವುದು

ತಂತಿ, ನೆಕ್ (ಗಿಟಾರ್‌ನ ಉದ್ದ ಕತ್ತು), ಪಿಕಪ್ (ತಂತಿಯ ನಾದ ಹಿಡಿಯುವ ಭಾಗ), ಬ್ರಿಡ್ಜ್ (ಬಾಡಿಯ ಮೇಲೆ ತಂತಿ ಕೂರುವ ಭಾಗ) ಎಲ್ಲ ಬಿಚ್ಚಿ. ಬಿಚ್ಚುವ ಮೊದಲು ವೈರಿಂಗ್‌ನ ಫೋಟೊ ತೆಗೆದಿಟ್ಟುಕೊಳ್ಳಿ. ಹಳೇ ಬಣ್ಣ ಗಟ್ಟಿಯಾಗಿದ್ದರೆ ಮರ ಕಾಣುವ ತನಕ ಕೆರೆಯುವ ಅಗತ್ಯವಿಲ್ಲ. 320 ನಂಬರ್ ಸ್ಯಾಂಡ್ ಪೇಪರ್‌ನಲ್ಲಿ ಹೊಳಪು ಹೋಗುವಷ್ಟು ಉಜ್ಜಿದರೆ ಹೊಸ ಬಣ್ಣ ಹಿಡಿಯುತ್ತದೆ. ಬರೀ ಮರವಾದರೆ 120, 180, 220 ಹೀಗೆ ಏರುತ್ತಾ, ಎಳೆಯ ಉದ್ದಕ್ಕೆ ಉಜ್ಜಿ. ಆಮೇಲೆ ಮರದ ರಂಧ್ರ ಮುಚ್ಚುವ ಸೀಲರ್, ಅದರ ಮೇಲೆ ಬಣ್ಣ ಹಿಡಿಯಲು ತಳವಾಗುವ ಪ್ರೈಮರ್ ಎರಡು ಮೂರು ಕೋಟ್. ಪ್ರೈಮರ್ ಒಣಗಿದ ಮೇಲೆ 400ರಲ್ಲಿ ಹಗುರವಾಗಿ ಉಜ್ಜಿ ಧೂಳು ಒರೆಸಿ. ಇನ್ನು ಬರಿಗೈಯಲ್ಲಿ ಮುಟ್ಟಬೇಡಿ. ಕೈಯ ಎಣ್ಣೆ ತಗುಲಿದ ಕಡೆ ಬಣ್ಣ ಸರಿಯಾಗಿ ಕೂರುವುದಿಲ್ಲ.

ನೆಕ್ ಕೂರುವ ಗುಂಡಿಗೆ ಮಾಸ್ಕಿಂಗ್ ಟೇಪ್ ಅಂಟಿಸುವುದನ್ನು ಮಾತ್ರ ಮರೆಯಬಾರದು. ಅಲ್ಲಿ ಬಣ್ಣ ಸೇರಿದರೆ ನೆಕ್ ಒಳಗೆ ಹೋಗುವುದಿಲ್ಲ, ಒತ್ತಿ ಕೂರಿಸಲು ಹೋದರೆ ಅಂಚಿನ ಬಣ್ಣ ಸೀಳುತ್ತದೆ. ಒಂದು ರೀಪರ್ ಪಟ್ಟಿಯನ್ನು ನೆಕ್‌ನ ಸ್ಕ್ರೂ ತೂತುಗಳಿಗೇ ಕಟ್ಟಿದರೆ ಹಿಡಿಯಲು ಹಿಡಿಕೆ ಸಿಕ್ಕಿತು, ತೂಗುಹಾಕಲು ಕೊಕ್ಕೆಯೂ ಆಯಿತು.

ಬಣ್ಣ ಮತ್ತು ಕ್ಲಿಯರ್ ಕೋಟ್

ವಾಹನಗಳ ಬಣ್ಣ ಮಾರುವ ಅಂಗಡಿಯಲ್ಲಿ ಸಿಗುವ ಸ್ಪ್ರೇ ಡಬ್ಬಿಯೇ ಸಾಕು. ಕಾರಿನ ಬಣ್ಣ ಗಿಟಾರ್‌ಗೆ ಹೊಸದೇನಲ್ಲ, 1950–60ರ ದಶಕಗಳಲ್ಲಿ ಫೆಂಡರ್ ಕಂಪನಿಯೇ ಡುಪಾಂಟ್‌ನ ಕಾರಿನ ಬಣ್ಣಗಳನ್ನು ಬಳಸಿತ್ತು. ಪ್ರೈಮರ್, ಬಣ್ಣ, ಅದರ ಮೇಲಿನ ಪಾರದರ್ಶಕ ಪದರವಾದ ಕ್ಲಿಯರ್ ಮೂರೂ ಒಂದೇ ಜಾತಿಯದಾಗಿರಲಿ. ಎನಾಮಲ್ ಮೇಲೆ ಲ್ಯಾಕರ್ ಹೊಡೆದರೆ ಕೆಳಗಿನ ಪದರ ಸುಕ್ಕಾಗುತ್ತದೆ. ಮೊದಲು ಬೇರೆ ಮರದ ತುಂಡಿನ ಮೇಲೆ ಹೊಡೆದು ನೋಡಿ.

ಡಬ್ಬಿಯನ್ನು ಎರಡು ನಿಮಿಷ ಕುಲುಕಿ. ಗಿಟಾರ್‌ನಿಂದ 20–25 ಸೆಂ.ಮೀ. ದೂರ ಹಿಡಿಯಿರಿ. ಸ್ಪ್ರೇ ಅಂಚಿನ ಆಚೆ ಶುರುವಾಗಿ ಇನ್ನೊಂದು ಅಂಚಿನ ಆಚೆ ನಿಲ್ಲಬೇಕು. ಪ್ರತಿ ಸಾಲು ಹಿಂದಿನ ಸಾಲಿನ ಅರ್ಧವನ್ನು ಮುಚ್ಚಲಿ. ಮೊದಲ ಕೋಟ್‌ನಲ್ಲಿ ಪ್ರೈಮರ್ ಕಾಣುತ್ತಲೇ ಇರುತ್ತದೆ, ಅಲ್ಲೇ ಕೈ ಬಿಗಿ ಹಿಡಿಯಿರಿ. ಒಂದೇ ಸಲಕ್ಕೆ ಮುಚ್ಚಲು ಹೋದರೆ ಬಣ್ಣ ಇಳಿದು ಕಣ್ಣೀರಿನ ಗೆರೆ ಮೂಡುತ್ತದೆ. 15 ನಿಮಿಷಕ್ಕೊಂದರಂತೆ ಮೂರು ನಾಲ್ಕು ತೆಳು ಕೋಟ್. ಇಳಿದೇಬಿಟ್ಟರೆ ಆಗಲೇ ಒರೆಸಬೇಡಿ. ಪೂರ್ತಿ ಒಣಗಲಿ, ಆಮೇಲೆ ಉಜ್ಜಿ.

ಒಂದೆರಡು ದಿನ ಬಿಟ್ಟು ಕ್ಲಿಯರ್. ದಿನಕ್ಕೆ ಮೂರು ಕೋಟ್‌ಗಿಂತ ಜಾಸ್ತಿ ಬೇಡ, ಒಟ್ಟು ಆರೇಳು ಇರಲಿ. ಮುಂದೆ ಪಾಲಿಶ್ ಮಾಡುವಾಗ ಸವೆಯುವುದು ಈ ಪದರವೇ. ಅಂಚುಗಳಲ್ಲಂತೂ ಅದು ಬೇಗ ಸವೆದು ಬಣ್ಣ ಕಾಣುತ್ತದೆ.

ಮೂಗಿಗೆ ಬಟ್ಟೆ ಕಟ್ಟಿದರೆ ಥಿನ್ನರ್ ಆವಿ ನಿಲ್ಲುವುದಿಲ್ಲ. ಕಾರ್ಬನ್ ಕಾರ್ಟ್ರಿಡ್ಜ್ ಇರುವ ಮಾಸ್ಕ್ ಬೇಕೇ ಬೇಕು. ಹತ್ತಿರದಲ್ಲಿ ಒಲೆ, ದೇವರ ದೀಪ, ಬೀಡಿ ಏನೂ ಇರಕೂಡದು. ಹಾರ್ಡನರ್ ಬೆರೆಸುವ ಪಿಯು (ಪಾಲಿಯುರೆಥೇನ್) ಕ್ಲಿಯರ್ ಬಹಳ ಗಟ್ಟಿ, ಆದರೆ ಅದರಲ್ಲಿರುವ ಐಸೊಸಯನೇಟ್ ಎಂಬ ರಾಸಾಯನಿಕ ಶ್ವಾಸಕೋಶಕ್ಕೆ ಅಪಾಯ. ಮನೆಯಲ್ಲಿ ಹೊಡೆಯುವವರು ಅದರ ಆಸೆ ಬಿಡುವುದೇ ಒಳ್ಳೆಯದು.

ಕಾಯುವುದು

ಮುಟ್ಟಿದರೆ ಅಂಟುವುದಿಲ್ಲ ಅಂದಮಾತ್ರಕ್ಕೆ ಒಣಗಿತು ಅಂತಲ್ಲ. ಮೂರು ನಾಲ್ಕು ವಾರ ತೂಗುಹಾಕಿಡಿ. ಮೂಗಿನ ಹತ್ತಿರ ಹಿಡಿದಾಗ ಥಿನ್ನರ್ ವಾಸನೆ ಬಂದರೆ ಇನ್ನೂ ಆಗಿಲ್ಲ ಅಂತಲೇ ಅರ್ಥ.

ಆಮೇಲೆ 1000, 1500, 2000 ನಂಬರ್ ವಾಟರ್ ಪೇಪರ್. ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಸೋಪು ಹಾಕಿ. ಸ್ಕ್ರೂ ತೂತಿನೊಳಗೆ ನೀರು ಇಳಿಯದ ಹಾಗೆ ಟೇಪ್ ಅಂಟಿಸಿ. ಮರ ಉಬ್ಬಿದರೆ ಸುತ್ತಲಿನ ಬಣ್ಣ ಸಿಡಿಯುತ್ತದೆ. ಕೊನೆಗೆ ರಬ್ಬಿಂಗ್ ಕಾಂಪೌಂಡ್ ಹಚ್ಚಿ, ಹತ್ತಿ ಬಟ್ಟೆಯಿಂದ ಉಜ್ಜಿ. ಟ್ಯೂಬ್‌ಲೈಟ್ ಅದರಲ್ಲಿ ನೆಟ್ಟಗೆ ಕಾಣುವ ಕ್ಷಣಕ್ಕೆ ಆ ಒಂದು ತಿಂಗಳು ಏನೂ ಅಲ್ಲ.

ನೈಟ್ರೋ (ನೈಟ್ರೋಸೆಲ್ಯುಲೋಸ್) ಲ್ಯಾಕರ್ ಹೊಡೆದಿದ್ದರೆ ಇನ್ನೊಂದು ಮಾತು. ಗಿಟಾರ್ ಸ್ಟ್ಯಾಂಡ್‌ನ ರಬ್ಬರ್ ತಗುಲಿದ ಕಡೆ ಲ್ಯಾಕರ್ ಮೆತ್ತಗಾಗಿ ಕಲೆ ಬೀಳುತ್ತದೆ. ಆ ರಬ್ಬರ್‌ಗೆ ಹಳೇ ಪಂಚೆಯ ತುಂಡು ಸುತ್ತಿ, ಆಮೇಲೆ ಗಿಟಾರ್ ಇಡಿ.