ಗಾಳಿ ಶುದ್ಧಿಗೆ ಬಂದ ದುಡ್ಡಿನ ಲೆಕ್ಕ ನೀವೇ ನೋಡೋದು ಹೇಗೆ?

ಕೇಂದ್ರ ಸರ್ಕಾರದ "ಗಾಳಿ ಕೆಟ್ಟ ಊರುಗಳ" ಪಟ್ಟಿಯಲ್ಲಿ ಕರ್ನಾಟಕದ ನಾಲ್ಕು ಊರುಗಳಿವೆ. ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ದಾವಣಗೆರೆ, ಕಲಬುರಗಿ. 2019ರ ಜನವರಿಯಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮ, ಅಂದ್ರೆ ಎನ್‌ಕ್ಯಾಪ್, ಇದರ ಲೆಕ್ಕದಲ್ಲಿ ಈ ಊರುಗಳ ಪಾಲಿಕೆಗಳಿಗೆ ದುಡ್ಡು ಬಂದಿದೆ. ಬೆಂಗಳೂರಿಗೆ 15ನೇ ಹಣಕಾಸು ಆಯೋಗದ ಅನುದಾನ, ಉಳಿದ ಮೂರಕ್ಕೆ ಎನ್‌ಕ್ಯಾಪ್‌ನಿಂದಲೇ. ನೀವು ಈ ನಾಲ್ಕರಲ್ಲಿ ಒಂದು ಊರಿನವರಾಗಿದ್ದರೆ, ಆ ದುಡ್ಡಿನಿಂದ ನಿಮ್ಮ ಗಾಳಿಗೆ ಏನಾಯ್ತು ಅಂತ ಮನೆಯಲ್ಲೇ ಕೂತು ಸುಮಾರಾಗಿ ಲೆಕ್ಕ ಹಾಕಬಹುದು. ಕಷ್ಟದ ಕೆಲಸ ಅಲ್ಲ, ಸ್ವಲ್ಪ ತಾಳ್ಮೆ ಬೇಕು ಅಷ್ಟೇ.

ಮೊದಲು ಪಾಲಿಕೆಯ ಬಜೆಟ್ ಪುಸ್ತಕ ಹಿಡಿಯಿರಿ. ಪಾಲಿಕೆಯ ವೆಬ್‌ಸೈಟ್‌ನಲ್ಲಿ ಪಿಡಿಎಫ್ ಇರುತ್ತದೆ. ಒಂದೊಂದು ಬಾಬ್ತಿನ ಎದುರಿಗೂ ಬೇರೆ ಬೇರೆ ಕಾಲಂ ಇರುತ್ತವೆ: ಅಂದಾಜು, ಪರಿಷ್ಕೃತ ಅಂದಾಜು, ವಾಸ್ತವಿಕ. ಪೇಪರಿನಲ್ಲಿ ಬರೋದು ಅಂದಾಜು. ನೀವು ನೋಡಬೇಕಾದ್ದು ವಾಸ್ತವಿಕ, ಅದೂ ಹಿಂದಿನ ವರ್ಷದ್ದು. "ಪರಿಸರ" ಅಂತ ಒಂದೇ ತಲೆಬರಹ ಹುಡುಕಿದರೆ ಸಿಗಲ್ಲ, ಯಾಕಂದ್ರೆ ಕಸ ಗುಡಿಸುವ ಯಂತ್ರ ಆರೋಗ್ಯ ವಿಭಾಗದಲ್ಲಿರುತ್ತದೆ, ರಸ್ತೆ ಪಕ್ಕದ ಟೈಲ್ಸ್ ಕಾಮಗಾರಿ ಲೆಕ್ಕಕ್ಕೆ ಹೋಗಿರುತ್ತದೆ, ಗಿಡ ನೆಡೋದು ತೋಟಗಾರಿಕೆಯಲ್ಲಿ ಕೂತಿರುತ್ತದೆ. ಎಲ್ಲವನ್ನೂ ಹೆಕ್ಕಿ ಒಂದು ಹಾಳೆಗೆ ಇಳಿಸಿ. ಇದರ ಜೊತೆಗೆ ಕೇಂದ್ರದ "ಪ್ರಾಣ" ಪೋರ್ಟಲ್ ಕೂಡ ನೋಡಿ. ಎನ್‌ಕ್ಯಾಪ್ ಊರುಗಳಿಗಾಗಿಯೇ 2021ರಲ್ಲಿ ಶುರು ಮಾಡಿದ್ದು.

ಎಷ್ಟು ಕೋಟಿ ಅನ್ನೋದಕ್ಕಿಂತ ಯಾವುದಕ್ಕೆ ಅನ್ನೋದು ಮುಖ್ಯ. ಸೆಂಟರ್ ಫಾರ್ ಸೈನ್ಸ್ ಅಂಡ್ ಎನ್ವಿರಾನ್‌ಮೆಂಟ್ ಸಂಸ್ಥೆ 2024ರಲ್ಲಿ ದೇಶದ ಲೆಕ್ಕ ತೆಗೆದಾಗ, ಖರ್ಚಾದ ದುಡ್ಡಲ್ಲಿ ಶೇ. 64ರಷ್ಟು ರಸ್ತೆ ಧೂಳಿಗೇ ಹೋಗಿತ್ತು. ಗುಂಡಿ ಮುಚ್ಚೋದು, ಟೈಲ್ಸ್ ಹಾಕೋದು, ಗುಡಿಸುವ ಯಂತ್ರ, ನೀರು ಚಿಮುಕಿಸುವ ಗಾಡಿ, ಇಂಥವು. ಕಾರ್ಖಾನೆ ಹೊಗೆಗೆ ಶೇ. 1 ಕೂಡ ಇಲ್ಲ.

ಹೀಗಾಗೋದಕ್ಕೆ ಕಾರಣವಿದೆ. ಊರಿಗೆ ಮಾರ್ಕ್ಸ್ ಕೊಡೋದು ಮುಖ್ಯವಾಗಿ ಪಿಎಂ 10, ಅಂದ್ರೆ ಗಾಳಿಯಲ್ಲಿ ತೇಲುವ 10 ಮೈಕ್ರಾನ್‌ವರೆಗಿನ ಕಣ, ಇಳಿದಿದೆಯಾ ಅಂತ ನೋಡಿ. ಪಿಎಂ 10ರಲ್ಲಿ ದಪ್ಪ ಧೂಳೇ ಜಾಸ್ತಿ, ಗುಡಿಸಿದರೆ ಸ್ವಲ್ಪ ಇಳಿಯುತ್ತದೆ. ಶ್ವಾಸಕೋಶದ ಆಳಕ್ಕೆ ಇಳಿಯೋದು ಪಿಎಂ 2.5, ಅಂದ್ರೆ 2.5 ಮೈಕ್ರಾನ್‌ವರೆಗಿನ ಸಣ್ಣ ಕಣ. ಅದು ಬರೋದು ಹೆಚ್ಚಾಗಿ ಡೀಸೆಲ್ ಹೊಗೆ, ಕಸ ಸುಡೋದು, ಜನರೇಟರ್, ಸೌದೆ ಒಲೆ, ಕಾರ್ಖಾನೆಗಳಿಂದ. ಅದನ್ನ ಪೊರಕೆಯಿಂದ ಹಿಡಿಯೋಕಾಗಲ್ಲ, ಅಲ್ವಾ? ಹಾಗಾಗಿ ನಿಮ್ಮ ಹಾಳೆಯಲ್ಲಿ ಎರಡು ಕಾಲಂ ಮಾಡಿ. ಧೂಳಿನ ಖರ್ಚು ಒಂದು ಕಡೆ, ಹೊಗೆಯ ಖರ್ಚು ಇನ್ನೊಂದು ಕಡೆ. ಹಸಿ ಕಸ ಗೊಬ್ಬರ ಮಾಡುವ ಘಟಕ ಹೊಗೆ ಕಡೆಗೆ ಬರುತ್ತದೆ, ಕಸ ಸುಡೋದು ತಪ್ಪಿಸುತ್ತಲ್ಲ. ಈ ದುಡ್ಡಲ್ಲಿ ಕಾರಂಜಿ ಕಟ್ಟಿದ್ದರೆ ಅದನ್ನ ಯಾವ ಕಡೆಗೂ ಹಾಕಬೇಡಿ. ನನ್ನ ಪ್ರಕಾರ ಅದು ಶೋಕಿ.

ಈಗ ಗಾಳಿಯ ಅಂಕಿ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ವೆಬ್‌ಸೈಟಿನಲ್ಲಿ ಗಾಳಿ ಅಳೆಯುವ ಸ್ಟೇಷನ್ ಆರಿಸಿ ಡೌನ್‌ಲೋಡ್ ಮಾಡಬಹುದು. ಬೆಂಗಳೂರಲ್ಲಿ ಪೀಣ್ಯ, ಹೆಬ್ಬಾಳ, ಸಿಲ್ಕ್ ಬೋರ್ಡ್, ಜಯನಗರ ಹೀಗೆ ಹಲವು ಇವೆ, ದಾವಣಗೆರೆಯಲ್ಲಿ ದೇವರಾಜ ಅರಸು ಬಡಾವಣೆಯದ್ದು, ಹುಬ್ಬಳ್ಳಿಯಲ್ಲಿ ದೇಶಪಾಂಡೆ ನಗರದ್ದು. ಎಕ್ಯೂಐ, ಅಂದ್ರೆ ಗಾಳಿ ಗುಣಮಟ್ಟದ ಸೂಚ್ಯಂಕ, ತಗೋಬೇಡಿ, ಅದು ಎಲ್ಲದರ ಸರಾಸರಿ ಅಲ್ಲ, ಆ ದಿನ ಯಾವುದು ಅತಿ ಕೆಟ್ಟದಾಗಿತ್ತೋ ಅದರ ಅಂಕಿ. ಪಿಎಂ 10 ಮತ್ತು ಪಿಎಂ 2.5 ಬೇರೆ ಬೇರೆಯಾಗಿ ಇಳಿಸಿಕೊಳ್ಳಿ. ನಮ್ಮ ದೇಶದ ವಾರ್ಷಿಕ ಮಿತಿ ಕ್ಯೂಬಿಕ್ ಮೀಟರ್‌ಗೆ 60 ಮತ್ತು 40 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆಯದ್ದು 15 ಮತ್ತು 5.

ಜನ ಎಡವೋದು ಇಲ್ಲೇ. ಆಷಾಢದ ಗಾಳಿಯನ್ನ ಸಂಕ್ರಾಂತಿಯ ಗಾಳಿಗೆ ಹೋಲಿಸಿ "ಮಾಲಿನ್ಯ ಇಳಿಯಿತು" ಅಂತ ಹೇಳಿಬಿಡುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಯೇ ಗಾಳಿ ತೊಳೆಯುತ್ತದೆ, ಪಾಲಿಕೆಗೆ ಅದರಲ್ಲಿ ಪಾಲಿಲ್ಲ. ಡಿಸೆಂಬರ್, ಜನವರಿ, ಫೆಬ್ರವರಿ ಅಂಕಿಯನ್ನ ಹಿಂದಿನ ವರ್ಷಗಳ ಅದೇ ತಿಂಗಳ ಅಂಕಿ ಜೊತೆ ಮಾತ್ರ ಹೋಲಿಸಿ. 2020ನ್ನ ಬಿಟ್ಟುಬಿಡಿ, ಲಾಕ್‌ಡೌನ್ ವರ್ಷ ಅದು. ಸ್ಟೇಷನ್ ಎಷ್ಟು ದಿನ ಬಂದ್ ಆಗಿತ್ತು ಅಂತಲೂ ಎಣಿಸಿ. ಅರ್ಧ ಚಳಿಗಾಲದ ಡೇಟಾ ಇಲ್ಲದಿದ್ದರೆ ಆ ವರ್ಷದ ಸರಾಸರಿಯನ್ನ ನಂಬೋಕೆ ಆಗಲ್ಲ.

ಎರಡೂ ಕೈಗೆ ಬಂದ ಮೇಲೆ ಒಂದೇ ಒಂದು ಖರ್ಚು ಆರಿಸಿ ಬೆನ್ನು ಹತ್ತಿ. ಗುಡಿಸುವ ಯಂತ್ರ ಒಳ್ಳೆಯ ಉದಾಹರಣೆ. ಹೊರಗೆ ಎರಡು ದುಂಡು ಬ್ರಶ್, ಒಳಗೆ ಧೂಳು ಎಳೆಯುವ ಫ್ಯಾನು, ಮುಂದೆ ಸಣ್ಣಗೆ ನೀರು ಚಿಮುಕಿಸುವ ನಳಿಕೆ. ನೀರು ಖಾಲಿಯಾಗಿಯೂ ಬ್ರಶ್ ತಿರುಗುತ್ತಿದ್ದರೆ ಅದು ಧೂಳು ಎತ್ತೋದಿಲ್ಲ, ಎಬ್ಬಿಸುತ್ತದೆ. ಹಿಂದೆ ನಿಂತರೆ ಸಾಕು, ಮೂಗಿಗೇ ಗೊತ್ತಾಗುತ್ತದೆ. ರಸ್ತೆ ಅಂಚಿನಲ್ಲಿ ಕಾರು ನಿಂತಿದ್ದರೆ ಯಂತ್ರ ನಡುವಲ್ಲಿ ಹೋಗುತ್ತದೆ, ಧೂಳು ಇರೋದು ಮಾತ್ರ ಅಂಚಿನಲ್ಲಿ. ಕಿಲೋಮೀಟರ್ ಲೆಕ್ಕದ ಗುತ್ತಿಗೆಯಾದರೆ ಎಷ್ಟು ದೂರ ಓಡಿತು ಅನ್ನೋದಕ್ಕೆ ಬಿಲ್ ಆಗುತ್ತದೆ, ಎಷ್ಟು ಧೂಳು ಎತ್ತಿತು ಅನ್ನೋದಕ್ಕಲ್ಲ. ಅದಕ್ಕೇ ಕೇಳಬೇಕಾದ್ದು ತೂಕದ ಚೀಟಿ, ಮತ್ತೆ ಎತ್ತಿದ ಮಣ್ಣನ್ನ ಎಲ್ಲಿ ಸುರಿದರು ಅನ್ನೋದು.

ಇದೆಲ್ಲ ವೆಬ್‌ಸೈಟಲ್ಲಿ ಸಿಗಲ್ಲ. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಒಳಗೆ. ಇದನ್ನೇ ನೆಪ ಮಾಡಿ ಅರ್ಜಿ ವಾಪಸ್ ಕಳಿಸಬಹುದು, ಹುಷಾರು. "ಯಾಕೆ ಮಾಡಿಲ್ಲ" ಅಂತ ಕೇಳಬೇಡಿ, ದಾಖಲೆ ಕೇಳಿ. ಹೀಗೆ ಬರೆದರೆ ಸಾಕು:

"ಕಳೆದ ಆರ್ಥಿಕ ವರ್ಷದ ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಪಾಲಿಕೆಯ ಯಾಂತ್ರಿಕ ಕಸ ಗುಡಿಸುವ ವಾಹನಗಳ ಲಾಗ್‌ಬುಕ್, ಜಿಪಿಎಸ್ ವರದಿ, ಸಂಗ್ರಹಿಸಿದ ಧೂಳಿನ ತೂಕದ ಚೀಟಿ ಮತ್ತು ಪಾವತಿಸಿದ ಬಿಲ್‌ಗಳ ದೃಢೀಕೃತ ಪ್ರತಿ ಕೊಡಿ."

30 ದಿನದಲ್ಲಿ ಉತ್ತರ ಬರಬೇಕು. ಬರದಿದ್ದರೆ ಅಲ್ಲಿಂದ 30 ದಿನದೊಳಗೆ ಮೊದಲ ಮೇಲ್ಮನವಿ, ಅದೇ ಕಚೇರಿಯ ಮೇಲಧಿಕಾರಿಗೆ. ಎಷ್ಟೋ ಸಲ ಮೇಲ್ಮನವಿ ಹೋದ ಮೇಲೇ ಕಡತ ಅಲುಗಾಡೋದು.

ಜಿಪಿಎಸ್ ವರದಿ ಬಂದರೆ ಮ್ಯಾಪ್ ಮೇಲೆ ಹಾಕಿ ನೋಡಿ. ಯಂತ್ರ ಬರೀ ಮುಖ್ಯ ರಸ್ತೆ ಮತ್ತು ಸ್ಟೇಷನ್ ಸುತ್ತಮುತ್ತ ಓಡಿದ್ದರೆ, ಸ್ಟೇಷನ್‌ನಲ್ಲಿ ಇಳಿದ ಪಿಎಂ 10 ಇಡೀ ಊರಿನ ಕಥೆ ಹೇಳೋದಿಲ್ಲ. ಪಿಎಂ 10 ಇಳಿದು ಪಿಎಂ 2.5 ಅಲ್ಲೇ ನಿಂತಿದ್ದರೆ ದುಡ್ಡು ಹೋದದ್ದು ಧೂಳಿಗೆ, ಹೊಗೆ ಹಾಗೇ ಇದೆ ಅಂತ ಅರ್ಥ. ಎರಡೂ ಇಳಿದಿದ್ದರೂ ಪೂರ್ತಿ ಶ್ರೇಯ ಪಾಲಿಕೆಗೆ ಕೊಡಬೇಡಿ. ಆ ಚಳಿಗಾಲದಲ್ಲಿ ಅಕಾಲಿಕ ಮಳೆ ಬಂದಿತ್ತಾ, ಗಾಳಿ ಜೋರಿತ್ತಾ ಅಂತ ಒಮ್ಮೆ ನೋಡಿ.

ಪಾಲಿಕೆ ಬಜೆಟ್ ಮಂಡನೆ ಸಾಮಾನ್ಯವಾಗಿ ಫೆಬ್ರವರಿ-ಮಾರ್ಚ್‌ನಲ್ಲಿ, ಅದಕ್ಕೂ ಮುಂಚೆ ಪೂರ್ವಭಾವಿ ಸಭೆ ಕರೆಯುತ್ತಾರೆ. ನಿಮ್ಮ ಹಾಳೆಯ ನಾಲ್ಕು ಪ್ರತಿ ತಗೊಂಡು ಅಲ್ಲಿಗೆ ಹೋಗಿ. ಒಂದೇ ಪ್ರಶ್ನೆ ಕೇಳಿ: ನಮ್ಮ ವಾರ್ಡಿನಲ್ಲಿ ಕಸ ಸುಡೋದು ನಿಲ್ಲಿಸೋಕೆ ಈ ವರ್ಷ ಎಷ್ಟು ಇಟ್ಟಿದ್ದೀರಿ, ಯಾವ ಬಾಬ್ತಿನಲ್ಲಿ? ಉತ್ತರವನ್ನ ಸಭೆಯ ನಡಾವಳಿಯಲ್ಲಿ ಬರೆಸಿ, ಬರೆದಿದ್ದಾರಾ ಅಂತ ಕಣ್ಣಾರೆ ನೋಡಿಯೇ ಎದ್ದು ಬನ್ನಿ.